ಆರೋಗ್ಯ, ಪೋಷಕತ್ವ, ಉದ್ಯೋಗ ತರಬೇತಿ: ಸಣ್ಣ ಸಂಸ್ಥೆಗಳು ಪ್ರತಿಷ್ಠಾನಗಳಿಂದ ಅನುದಾನ ಕೇಳುವ ಕ್ರಮ

ತಾಲ್ಲೂಕು ಮಟ್ಟದಲ್ಲಿ ಸಮುದಾಯ ಆರೋಗ್ಯ, ಮಕ್ಕಳ ಪೋಷಕತ್ವ (ಹೆತ್ತವರ ಆಸರೆಯಿಲ್ಲದ ಮಗುವನ್ನು ದತ್ತು ಪಡೆಯದೆ ಇನ್ನೊಂದು ಕುಟುಂಬ ತನ್ನ ಮನೆಯಲ್ಲಿ ಸಾಕುವ ವ್ಯವಸ್ಥೆ) ಅಥವಾ ಉದ್ಯೋಗ ತರಬೇತಿಯ ಕೆಲಸ ಮಾಡುವ ಸಣ್ಣ ಸಂಸ್ಥೆಗಳು ಪ್ರತಿಷ್ಠಾನಗಳಿಗೆ ಅರ್ಜಿ ಹಾಕಲು ಕುಳಿತಾಗ ಎಷ್ಟು ಹಣ ಸಿಗಬಹುದೆಂಬ ಲೆಕ್ಕಾಚಾರದಿಂದಲೇ ಸಾಮಾನ್ಯವಾಗಿ ಆರಂಭಿಸುತ್ತವೆ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇನ್ನೊಂದಿದೆ: ಹಿಡಿದಿರುವ ಕೆಲಸ ಒಂದು ನೆಲೆಗೆ ಬರಲು ಎಷ್ಟು ಕಾಲ ಬೇಕು, ಅಷ್ಟು ಕಾಲ ಜೊತೆಗೆ ನಿಲ್ಲಬಲ್ಲ ಹಣ ಯಾರ ಬಳಿ ಇದೆ? ಈ ಎರಡರ ಲೆಕ್ಕ ತಾಳೆಯಾಗದಿದ್ದರೆ ದೊಡ್ಡ ಮೊತ್ತ ಬಂದರೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮತ್ತು ನಿಂತ ಕೆಲಸದ ನಷ್ಟವನ್ನು ಸಂಸ್ಥೆಗಿಂತ ಹೆಚ್ಚಾಗಿ ಹೊರುವವರು ಅದನ್ನು ನಂಬಿದ ಹಳ್ಳಿಯ ಹೆಂಗಸರು, ಮಕ್ಕಳು ಮತ್ತು ಯುವಜನರು. ಆದ್ದರಿಂದ ಈ ಬರಹದಲ್ಲಿ ಅರ್ಜಿಯ ನಮೂನೆಗಿಂತ ಕಾಲ ಮತ್ತು ಬಜೆಟ್‌ಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೂರೂ ಕ್ಷೇತ್ರಗಳ ಕಾಲಮಾನ ಬೇರೆ ಬೇರೆ. ರಕ್ತಹೀನತೆ, ಬಾಣಂತಿಯರ ಆರೈಕೆ, ಮಕ್ಕಳ ಪೌಷ್ಟಿಕತೆಯಂಥ ಆರೋಗ್ಯದ ಕೆಲಸದಲ್ಲಿ ಮೊದಲ ವರ್ಷವೆಲ್ಲ ಮನೆಮನೆಯ ಪರಿಚಯಕ್ಕೂ, ಆಶಾ ಕಾರ್ಯಕರ್ತೆಯರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದವರ ವಿಶ್ವಾಸ ಗಳಿಸುವುದಕ್ಕೂ ಹೋಗುತ್ತದೆ; ಅಂಕಿಅಂಶದಲ್ಲಿ ಕಾಣುವಂಥ ಬದಲಾವಣೆ ಬರುವುದು ಆಮೇಲೆ. ಯಳಂದೂರು ಭಾಗದಲ್ಲಿ 1986ರಲ್ಲಿ ಕುಷ್ಠರೋಗ ನಿವಾರಣೆಯ ಕೆಲಸದಿಂದ ಆರಂಭಿಸಿದ ಕರುಣಾ ಟ್ರಸ್ಟ್, ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ವಹಿಸಿಕೊಂಡದ್ದು 1996ರಲ್ಲಿ. ನಡುವಿನ ಹತ್ತು ವರ್ಷಗಳನ್ನು ಯಾವ ಒಂದೇ ಅನುದಾನದ ಅವಧಿಯೂ ಹಿಡಿದಿಡಲಾರದು. ಪೋಷಕತ್ವದಲ್ಲಿ ಮಗುವೊಂದು ಹೊಸ ಮನೆಗೆ ಹೊಂದಿಕೊಳ್ಳುವ ಹೊತ್ತಿಗೇ ಒಂದು ವರ್ಷದ ಅನುದಾನ ಮುಗಿದಿರುತ್ತದೆ. ಉದ್ಯೋಗ ತರಬೇತಿಯಲ್ಲಿ ತರಗತಿ ಎರಡು–ಮೂರು ತಿಂಗಳಿನದಾದರೂ, ಕೆಲಸಕ್ಕೆ ಸೇರಿದ ಹುಡುಗ ಅಥವಾ ಹುಡುಗಿ ಅಲ್ಲಿ ಉಳಿದರೇ ಎಂಬುದು ತಿಳಿಯಲು ಇನ್ನೂ ಆರು ತಿಂಗಳಿಂದ ಒಂದು ವರ್ಷ ಬೇಕು.

ಕಾಗದಪತ್ರಗಳು

ಈ ಭಾಗ ನೀರಸವೆನಿಸಿದರೂ ಇದು ಸರಿಯಿಲ್ಲದಿದ್ದರೆ ಮುಂದಿನ ಯಾವ ಮಾತಿಗೂ ಅವಕಾಶವಿರುವುದಿಲ್ಲ. ಸಂಸ್ಥೆಯು ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ನೋಂದಾಯಿಸಿದ ಸಾರ್ವಜನಿಕ ದತ್ತಿ ಟ್ರಸ್ಟ್ ಆಗಿರಬಹುದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘವಾಗಿರಬಹುದು, ಇಲ್ಲವೆ 2013ರ ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿಯಾಗಿರಬಹುದು. ಮೂರಕ್ಕೂ ಅನುದಾನ ಪಡೆಯುವ ಅರ್ಹತೆಯಿದೆ. ಪ್ರತಿಷ್ಠಾನದವರು ಟ್ರಸ್ಟ್ ಡೀಡ್ ಅಥವಾ ಬೈಲಾದಲ್ಲಿ ಮೊದಲು ನೋಡುವುದು ಉದ್ದೇಶಗಳ ಪಟ್ಟಿಯನ್ನು. ನೀವು ಕೇಳುತ್ತಿರುವ ಕೆಲಸ ಆ ಪಟ್ಟಿಯಲ್ಲಿ ಇರಬೇಕು. ಶಾಲೆ ನಡೆಸಲೆಂದು ಸ್ಥಾಪಿಸಿದ ಟ್ರಸ್ಟ್ ಈಗ ಮಕ್ಕಳ ಪೋಷಕತ್ವದ ಕೆಲಸಕ್ಕೆ ಹಣ ಕೇಳುತ್ತಿದ್ದರೆ, ಅರ್ಜಿ ಬರೆಯುವ ಮುನ್ನ ವಕೀಲರೊಂದಿಗೆ ಕುಳಿತು ಉದ್ದೇಶಗಳನ್ನು ಪರಿಶೀಲಿಸಿಕೊಳ್ಳಿ.

ಆದಾಯ ತೆರಿಗೆ ಇಲಾಖೆಯ ಎರಡು ನೋಂದಣಿಗಳು ಬೇಕೇ ಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ, ಕ್ಷೇತ್ರದಲ್ಲಿ ಅವುಗಳಿಗೆ 12ಎ ಮತ್ತು 80ಜಿ ಎಂಬ ಹಳೆಯ ಹೆಸರುಗಳೇ ಬಳಕೆಯಲ್ಲಿವೆ. 12ಎ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುತ್ತದೆ, 80ಜಿ ದೇಣಿಗೆ ಕೊಟ್ಟವರಿಗೆ. ಮೊದಲಿನಂತೆ ಇವು ಶಾಶ್ವತ ನೋಂದಣಿಗಳಲ್ಲ. 2021ರಿಂದ ಹೊಸ ಸಂಸ್ಥೆಗಳಿಗೆ ಮೂರು ವರ್ಷದ ತಾತ್ಕಾಲಿಕ ನೋಂದಣಿಯೂ, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣವೂ ಜಾರಿಗೆ ಬಂದವು. 2025ರ ಹಣಕಾಸು ಕಾಯ್ದೆಯು ಹಿಂದಿನ ಎರಡು ವರ್ಷಗಳಲ್ಲಿ ಆದಾಯ 5 ಕೋಟಿ ರೂಪಾಯಿ ಮೀರದ ಸಂಸ್ಥೆಗಳಿಗೆ 12ಎ ನೋಂದಣಿಯ ಅವಧಿಯನ್ನು ಹತ್ತು ವರ್ಷಕ್ಕೆ ಹೆಚ್ಚಿಸಿದೆ. ನವೀಕರಣದ ಕೊನೆಯ ದಿನಾಂಕವನ್ನು ಕಚೇರಿಯ ಗೋಡೆಯ ಮೇಲೆ ಬರೆದಿಡಿ, ಏಕೆಂದರೆ ಅದು ತಪ್ಪಿದ ಸಂಸ್ಥೆಗೆ ಮಂಜೂರಾದ ಅನುದಾನವೂ ಬಿಡುಗಡೆಯಾಗುವುದು ಕಷ್ಟ. ಇವುಗಳ ಜೊತೆಗೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ಜಾಲತಾಣವಾದ ಎನ್‌ಜಿಒ ದರ್ಪಣ್‌ನ ಸಂಖ್ಯೆ, ಸಂಸ್ಥೆಯ ಪ್ಯಾನ್, ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧಿತ ಆಯವ್ಯಯ ಪಟ್ಟಿ ಮತ್ತು ಅರ್ಜಿ ಸಲ್ಲಿಸಲು ಆಡಳಿತ ಮಂಡಳಿ ಒಪ್ಪಿದ ನಿರ್ಣಯದ ಪ್ರತಿ, ಇಷ್ಟನ್ನು ಒಂದೇ ಕಡತದಲ್ಲಿ ಸಿದ್ಧವಾಗಿಡಿ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ ಸಿಎಸ್‌ಆರ್ ಹಣ ಕೇಳುವುದಾದರೆ 2021ರ ಏಪ್ರಿಲ್‌ನಿಂದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್–1 ನೋಂದಣಿಯೂ ಕಡ್ಡಾಯ. ಇದರ ಅರ್ಜಿಯನ್ನು ವೃತ್ತಿನಿರತ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಡಿಜಿಟಲ್ ಸಹಿಯಿಂದ ದೃಢೀಕರಿಸಬೇಕು. ಕಂಪನಿಯೇ ಸ್ಥಾಪಿಸಿದ್ದಲ್ಲದ, ಸ್ವತಂತ್ರವಾದ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವಿರಬೇಕೆಂಬ ನಿಯಮವಿದೆ. ಹೀಗಾಗಿ ನಿನ್ನೆ ಮೊನ್ನೆ ಹುಟ್ಟಿದ ಸಂಸ್ಥೆಗಳು ಮೊದಲ ಮೂರು ವರ್ಷ ಊರಿನ ದಾನಿಗಳು, ವ್ಯಕ್ತಿಗಳ ದೇಣಿಗೆ ಮತ್ತು ಸ್ವತಂತ್ರ ಪ್ರತಿಷ್ಠಾನಗಳ ಸಣ್ಣ ಅನುದಾನಗಳನ್ನೇ ನೆಚ್ಚಬೇಕಾಗುತ್ತದೆ. ಆ ವರ್ಷಗಳ ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡರೆ ಮುಂದೆ ಅದೇ ನಿಮ್ಮ ಅನುಭವಕ್ಕೆ ಪುರಾವೆ.

ಹೊರದೇಶದ ಹಣದ ವಿಷಯದಲ್ಲಿ ಕನ್ನಡಿಗರ ನಡುವೆ ಒಂದು ಗೊಂದಲ ಮತ್ತೆ ಮತ್ತೆ ಕಾಣಿಸುತ್ತದೆ. ಅಮೆರಿಕದಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ನೆಲೆಸಿದ ಊರಿನವರು ತವರಿನ ಸಂಸ್ಥೆಗೆ ಹಣ ಕಳಿಸುತ್ತೇವೆ ಎಂದಾಗ, ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಮೊದಲು ಕೇಳಿ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದೇಣಿಗೆಯನ್ನು ಕಾನೂನು ವಿದೇಶಿ ವಂತಿಗೆಯೆಂದು ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಮೂಲತಃ ಭಾರತೀಯರೇ ಆಗಿದ್ದರೂ, ಸಾಗರೋತ್ತರ ಭಾರತೀಯ ಕಾರ್ಡ್ ಹೊಂದಿದ್ದರೂ, ಅವರ ಹಣ ವಿದೇಶಿ ವಂತಿಗೆಯೇ. ಅದನ್ನು ಪಡೆಯಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆಯ ಅಸ್ತಿತ್ವ ಮೂರು ವರ್ಷದ್ದಾಗಿರಬೇಕು, ಆ ಅವಧಿಯಲ್ಲಿ ಮೂಲ ಉದ್ದೇಶದ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. 2020ರ ತಿದ್ದುಪಡಿಯ ನಂತರ ಇಂಥ ಹಣವೆಲ್ಲ ಮೊದಲು ದೆಹಲಿಯಲ್ಲಿರುವ ಭಾರತೀಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ, ಮತ್ತು ಒಂದು ಸಂಸ್ಥೆ ಪಡೆದ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಯೊಂದು ಹೊರದೇಶದಿಂದ ಹಣ ತರಿಸಿ ತಾಲ್ಲೂಕಿನ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿದ್ದ ದಾರಿ ಇದರಿಂದ ಮುಚ್ಚಿಹೋಗಿದೆ. ಸಣ್ಣ ಸಂಸ್ಥೆಗಳು ದೇಶದೊಳಗಿನ ಪ್ರತಿಷ್ಠಾನಗಳನ್ನು ನೇರವಾಗಿ ಕೇಳುವುದು ಈಗ ಹೆಚ್ಚು ಮುಖ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಯಾರನ್ನು ಕೇಳಬೇಕು

ದೇಶದೊಳಗಿನ ದಾತೃಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಸ್ವಂತ ನಿಧಿಯಿಂದ ಕೊಡುವ ಪ್ರತಿಷ್ಠಾನಗಳು ಒಂದು ಬಗೆ. 1919ರ ಸರ್ ರತನ್ ಟಾಟಾ ಟ್ರಸ್ಟ್ ಮತ್ತು 1932ರ ಸರ್ ದೊರಾಬ್‌ಜಿ ಟಾಟಾ ಟ್ರಸ್ಟ್ ಒಳಗೊಂಡ ಟಾಟಾ ಟ್ರಸ್ಟ್ಸ್, ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಈ ಬಗೆಯವು. ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಹಣ ಕೊಡುವವು ಇನ್ನೊಂದು ಬಗೆ: 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. 1996ರಲ್ಲಿ ಆರಂಭವಾದ ಇನ್ಫೋಸಿಸ್ ಫೌಂಡೇಶನ್‌ನಂತೆ ಕಂಪನಿಗಳೇ ಸ್ಥಾಪಿಸಿಕೊಂಡ ಪ್ರತಿಷ್ಠಾನಗಳ ಮೂಲಕವೂ ಈ ಹಣ ಹರಿಯುತ್ತದೆ.

ಮೊದಲ ಬಗೆಯವರಿಗೆ ಹಲವು ವರ್ಷಗಳ ಮಾತು ಕೊಡುವ ಸ್ವಾತಂತ್ರ್ಯ ಹೆಚ್ಚು. ಎರಡನೆಯ ಬಗೆಯ ಹಣ ಆರ್ಥಿಕ ವರ್ಷಕ್ಕೆ ಕಟ್ಟುಬಿದ್ದದ್ದು ಎಂಬ ಅಭಿಪ್ರಾಯ ಸಾಮಾನ್ಯವಾಗಿದ್ದರೂ ಅದು ಅರ್ಧ ಮಾತ್ರ ಸರಿ. ಸಿಎಸ್‌ಆರ್ ನಿಯಮಗಳು ‘ಚಾಲ್ತಿ ಯೋಜನೆ’ (ಆನ್‌ಗೋಯಿಂಗ್ ಪ್ರಾಜೆಕ್ಟ್) ಎಂಬ ವರ್ಗಕ್ಕೆ ಅವಕಾಶ ಕೊಟ್ಟಿವೆ. ಆರಂಭವಾದ ಆರ್ಥಿಕ ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷಗಳವರೆಗೆ ಅಂಥ ಯೋಜನೆ ನಡೆಯಬಹುದು. ಆ ವರ್ಷ ಖರ್ಚಾಗದೆ ಉಳಿದ ಹಣವನ್ನು ಕಂಪನಿ ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿ, ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಅದೇ ಯೋಜನೆಗೆ ಬಳಸಬಹುದು. ಚಾಲ್ತಿ ಯೋಜನೆಯೆಂದು ಗುರುತಿಸದ ಕೆಲಸದಲ್ಲಿ ಉಳಿದ ಹಣವಾದರೆ ಆರು ತಿಂಗಳೊಳಗೆ ಸರ್ಕಾರದ ನಿಗದಿತ ನಿಧಿಗಳಿಗೆ ಹೋಗಿಬಿಡುತ್ತದೆ. ಆದ್ದರಿಂದ ಕಂಪನಿಯವರ ಜೊತೆಗಿನ ಮೊದಲ ಮಾತುಕತೆಯಲ್ಲಿಯೇ ‘ಇದನ್ನು ಚಾಲ್ತಿ ಯೋಜನೆಯೆಂದು ಮಂಡಳಿಯಲ್ಲಿ ಮಂಜೂರು ಮಾಡಿಸಲು ಸಾಧ್ಯವೇ’ ಎಂದು ಕೇಳಿ. ಸಣ್ಣ ಸಂಸ್ಥೆಗಳು ಕೇಳದೆ ಬಿಡುವ ಪ್ರಶ್ನೆಗಳಲ್ಲಿ ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲವೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆಯೇ ಮಾರ್ಚ್ ತಿಂಗಳ ಕೊನೆಯ ವಾರಗಳಲ್ಲಿ ಆತುರದಿಂದ ಬರುವ, ತಿಂಗಳೊಳಗೆ ಖರ್ಚು ತೋರಿಸಬೇಕೆನ್ನುವ ಹಣವನ್ನು ಉಪಕರಣಗಳ ಖರೀದಿಗೆ ಸ್ವೀಕರಿಸಬಹುದೇ ಹೊರತು ಅದನ್ನು ನಂಬಿ ಯಾರನ್ನೂ ನೌಕರಿಗೆ ತೆಗೆದುಕೊಳ್ಳಬಾರದು.

ಕಂಪನಿ ಕಾಯ್ದೆಯ 7ನೇ ಅನುಸೂಚಿಯ ಯಾವ ಬಾಬಿನಡಿ ನಿಮ್ಮ ಕೆಲಸ ಬರುತ್ತದೆಂಬುದನ್ನು ಪ್ರಸ್ತಾವನೆಯಲ್ಲಿ ನೀವೇ ಬರೆಯಿರಿ. ಆರೋಗ್ಯ ಮತ್ತು ಅಪೌಷ್ಟಿಕತೆ ಮೊದಲನೆಯ ಬಾಬಿನಲ್ಲಿವೆ, ಉದ್ಯೋಗಕ್ಕೆ ನೆರವಾಗುವ ವೃತ್ತಿ ಕೌಶಲಗಳು ಎರಡನೆಯದರಲ್ಲಿವೆ. ಪೋಷಕತ್ವದ ಹೆಸರು ಅಲ್ಲಿ ನೇರವಾಗಿ ಇಲ್ಲದಿರುವುದರಿಂದ, ಅನಾಥರು ಮತ್ತು ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದವರು ಎದುರಿಸುವ ಅಸಮಾನತೆ ತಗ್ಗಿಸುವ ಕ್ರಮಗಳನ್ನು ಹೇಳುವ ಮೂರನೆಯ ಬಾಬಿಗೆ ಅದನ್ನು ಜೋಡಿಸಬೇಕಾಗುತ್ತದೆ. ಕಂಪನಿಗಳು ತಮ್ಮ ಕಾರ್ಖಾನೆ ಅಥವಾ ಕಚೇರಿಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡುವುದರಿಂದ ನಿಮ್ಮ ಜಿಲ್ಲೆಯಲ್ಲಿ ಯಾವ ಕಂಪನಿಗಳ ಘಟಕಗಳಿವೆ ಎಂಬ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಸಂಸ್ಥೆಗಳಾದರೆ ತಮ್ಮ ಜಿಲ್ಲೆ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ, ಅಂದರೆ ಅಭಿವೃದ್ಧಿಯಲ್ಲಿ ಹಿಂದುಳಿದು ವಿಶೇಷ ಗಮನಕ್ಕೆ ಆಯ್ಕೆಯಾದ ಜಿಲ್ಲೆಗಳ ಪಟ್ಟಿಯಲ್ಲಿರುವುದನ್ನು ತಪ್ಪದೆ ಹೇಳಬೇಕು.

ಎರಡು ಪುಟದ ಟಿಪ್ಪಣಿ

ಹೆಚ್ಚಿನ ಪ್ರತಿಷ್ಠಾನಗಳು ಮೊದಲಿಗೆ ಒಂದೆರಡು ಪುಟದ ಪರಿಕಲ್ಪನಾ ಟಿಪ್ಪಣಿಯನ್ನಷ್ಟೇ ಬಯಸುತ್ತವೆ. ಅದರಲ್ಲಿ ದೇಶದ ಸಮಸ್ಯೆಯಿಂದ ಆರಂಭಿಸುವ ಅಭ್ಯಾಸವನ್ನು ಬಿಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು ಎಂಬುದು ಓದುವವರಿಗೆ ಮೊದಲೇ ಗೊತ್ತಿರುತ್ತದೆ. ಅದೇ ಸಮೀಕ್ಷೆಯ ನಿಮ್ಮ ಜಿಲ್ಲೆಯ ಪುಟವನ್ನು ತೆಗೆದು, ಆ ಅಂಕಿಯ ಪಕ್ಕದಲ್ಲಿ ನೀವು ಕೆಲಸ ಮಾಡುವ ಆರೇಳು ಹಳ್ಳಿಗಳಲ್ಲಿ ಕಂಡದ್ದನ್ನು ಬರೆಯಿರಿ: ಕಬ್ಬಿಣಾಂಶದ ಮಾತ್ರೆ ಉಪಕೇಂದ್ರಕ್ಕೆ ಬರುತ್ತಿದೆಯೇ, ಬಂದರೂ ಹೆಂಗಸರು ನುಂಗುತ್ತಿದ್ದಾರೆಯೇ, ಹೊಟ್ಟೆ ತೊಳಸುತ್ತದೆಂದು ಅತ್ತೆ ಬೇಡವೆನ್ನುತ್ತಿದ್ದಾರೆಯೇ, ಕೂಲಿಗೆ ಗುಳೆ ಹೋಗುವ ತಿಂಗಳುಗಳಲ್ಲಿ ಮಾತ್ರೆ ತಪ್ಪಿಹೋಗುತ್ತಿದೆಯೇ. ಈ ನಾಲ್ಕು ಕಾರಣಗಳಿಗೆ ನಾಲ್ಕು ಬೇರೆ ಪರಿಹಾರಗಳಿವೆ, ಮತ್ತು ಯಾವುದಕ್ಕೆ ನೀವು ಹಣ ಕೇಳುತ್ತಿದ್ದೀರಿ ಎಂಬುದು ಸ್ಪಷ್ಟವಾಗಿದ್ದರೆ ಟಿಪ್ಪಣಿ ತಾನಾಗಿ ಚಿಕ್ಕದಾಗುತ್ತದೆ. ತಾಲ್ಲೂಕಿನ ಆಯ್ಕೆಗೆ ಆಧಾರ ಬೇಕಿದ್ದರೆ, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದ 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯನ್ನು ಉಲ್ಲೇಖಿಸಬಹುದು. ವರದಿ ಹಳೆಯದಾದ್ದರಿಂದ ಜೊತೆಗೆ ಈಚಿನ ಅಂಕಿಯೊಂದು ಇರಲಿ.

ಸರ್ಕಾರ ಈಗಾಗಲೇ ಮಾಡುತ್ತಿರುವ ಕೆಲಸ ಯಾವುದು, ಅದರಲ್ಲಿ ಉಳಿದಿರುವ ಬಿರುಕು ಯಾವುದು, ಆ ಬಿರುಕಿನಲ್ಲಿ ನಿಮ್ಮ ಪಾತ್ರವೇನು ಎಂಬುದಕ್ಕೆ ಟಿಪ್ಪಣಿಯಲ್ಲಿ ಒಂದು ಕಂಡಿಕೆ ಮೀಸಲಿಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರಿಂದ ಅಥವಾ ಗ್ರಾಮ ಪಂಚಾಯಿತಿಯಿಂದ ಸಹಕಾರದ ಪತ್ರವೊಂದನ್ನು ಲಗತ್ತಿಸಿದರೆ ಹಲವು ವಾಕ್ಯಗಳನ್ನು ಬರೆಯುವ ಅಗತ್ಯವೇ ಇರುವುದಿಲ್ಲ.

ಬಜೆಟ್

ಪ್ರಸ್ತಾವನೆಯಲ್ಲಿ ಅತ್ಯಂತ ಪ್ರಾಮಾಣಿಕವಾಗಿರಬೇಕಾದ ಪುಟ ಇದು. ಕಡಿಮೆ ಮೊತ್ತ ಕೇಳಿದರೆ ಮಂಜೂರಾಗುವ ಸಾಧ್ಯತೆ ಹೆಚ್ಚೆಂದು ಭಾವಿಸಿ, ಲೆಕ್ಕ ಬರೆಯುವವರ ಸಂಬಳ, ಕಚೇರಿ ಬಾಡಿಗೆ, ಆಡಿಟ್ ಶುಲ್ಕಗಳನ್ನು ಬಿಟ್ಟುಬಿಡುವ ಸಂಸ್ಥೆಗಳು ಬಹಳ. ಬಿಟ್ಟ ವೆಚ್ಚ ಮಾಯವಾಗುವುದಿಲ್ಲ. ಕಾರ್ಯಕರ್ತೆಯ ಸಂಬಳ ತಡವಾಗುವುದರಲ್ಲಿ, ವರದಿ ಕೆಡುವುದರಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಹಾಕಿ ನೋಡೋಣ. ಏಳೆಂಟು ಹಳ್ಳಿಗಳ 1500 ಮಹಿಳೆಯರ ರಕ್ತಹೀನತೆಯ ಕೆಲಸಕ್ಕೆ ಮೂವರು ಕ್ಷೇತ್ರ ಕಾರ್ಯಕರ್ತೆಯರು ಬೇಕು ಎಂದುಕೊಳ್ಳಿ. ತಿಂಗಳಿಗೆ 15,000 ರೂಪಾಯಿಯಂತೆ ಮೂವರ ವರ್ಷದ ಸಂಬಳ 5,40,000. ಭವಿಷ್ಯ ನಿಧಿಗೆ ಸಂಸ್ಥೆ ಸೇರಿಸುವ ಪಾಲು ಮತ್ತು ಅದರ ಶುಲ್ಕಗಳು ಸೇರಿ ಶೇಕಡಾ 13ರಂತೆ 70,200, ನೌಕರರ ರಾಜ್ಯ ವಿಮೆಗೆ (ಇಎಸ್ಐ) ಶೇಕಡಾ 3.25ರಂತೆ 17,550. ಹಳ್ಳಿಯಿಂದ ಹಳ್ಳಿಗೆ ಓಡಾಟಕ್ಕೆ ಒಬ್ಬೊಬ್ಬರಿಗೆ ತಿಂಗಳಿಗೆ 2,500ರಂತೆ 90,000, ಮೊಬೈಲ್ ಖರ್ಚು 300ರಂತೆ 10,800. ಪ್ರತಿಯೊಬ್ಬ ಮಹಿಳೆಗೆ ವರ್ಷಕ್ಕೆ ಎರಡು ಬಾರಿ ಹಿಮೋಗ್ಲೋಬಿನ್ ಪರೀಕ್ಷೆ, ಪರೀಕ್ಷೆಗೆ 40 ರೂಪಾಯಿಯಂತೆ 1,20,000. ಅರ್ಧ ವೇಳೆಯ ಸಂಯೋಜಕರಿಗೆ ಎಲ್ಲ ಸೇರಿ 1,80,000. ಇಲ್ಲಿಗೆ 10,28,550 ಆಯಿತು. ಹೆಚ್ಚಿನ ಅರ್ಜಿಗಳು ನಿಲ್ಲುವುದು ಇಲ್ಲಿಯೇ. ಆದರೆ ಲೆಕ್ಕಪತ್ರ ನೋಡಿಕೊಳ್ಳುವವರ ಸಂಬಳದಲ್ಲಿ ಈ ಯೋಜನೆಯ ಪಾಲು ತಿಂಗಳಿಗೆ 8,000ದಂತೆ 96,000, ಕಚೇರಿ ಬಾಡಿಗೆಯ ಪಾಲು 36,000, ಆಡಿಟ್ ಶುಲ್ಕ 15,000. ಎಲ್ಲ ಸೇರಿದರೆ 11,75,550 ರೂಪಾಯಿ. ಕೊನೆಯ ಮೂರು ಬಾಬುಗಳು ಒಟ್ಟು ಮೊತ್ತದ ಶೇಕಡಾ 12.5ರಷ್ಟು, ಒಬ್ಬ ಮಹಿಳೆಗೆ ವರ್ಷಕ್ಕೆ ತಗಲುವ ವೆಚ್ಚ ಸುಮಾರು 784 ರೂಪಾಯಿ. ಹೀಗೆ ಬಿಡಿಸಿ ತೋರಿಸಿದ ಬಜೆಟ್ ಮೇಲೆ ಚರ್ಚೆ ನಡೆಸಬಹುದು, ಯಾವ ಬಾಬನ್ನು ಕಡಿಮೆ ಮಾಡಿದರೆ ಯಾವ ಕೆಲಸ ನಿಲ್ಲುತ್ತದೆಂದು ಹೇಳಬಹುದು. ‘ಇತರೆ ವೆಚ್ಚ 1,00,000’ ಎಂದು ಬರೆದ ಬಜೆಟ್ ಅಂಥ ಚರ್ಚೆಗೆ ಸಿಗುವುದಿಲ್ಲ.

ಎರಡನೆಯ ಮತ್ತು ಮೂರನೆಯ ವರ್ಷಕ್ಕೆ ಸಂಬಳದಲ್ಲಿ ಏರಿಕೆ ತೋರಿಸಿ. ಉಪಕರಣಗಳ ದರಪಟ್ಟಿ ತರಿಸುವಾಗ ಜಿಎಸ್‌ಟಿ ಸೇರಿದ ಬೆಲೆಯನ್ನೇ ನಮೂದಿಸಿ, ಏಕೆಂದರೆ ಜಿಎಸ್‌ಟಿ ನೋಂದಣಿ ಇಲ್ಲದ ಸಂಸ್ಥೆಗೆ ಆ ತೆರಿಗೆ ವಾಪಸ್ ಸಿಗುವುದಿಲ್ಲ.

ಸಿಎಸ್‌ಆರ್ ವಿಷಯದಲ್ಲಿ ಆಡಳಿತ ವೆಚ್ಚ ಶೇಕಡಾ 5ನ್ನು ಮೀರುವಂತಿಲ್ಲ ಎಂಬ ಮಾತು ಕಂಪನಿಯವರಿಂದಲೂ ಕೇಳಿಬರುತ್ತದೆ. ಆ ಮಿತಿ ಇರುವುದು ಕಂಪನಿ ತನ್ನೊಳಗೆ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ನಿರ್ದಿಷ್ಟ ಯೋಜನೆಯ ರೂಪರೇಷೆ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಗಳಿಗೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲವೆಂದು 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳು ಹೇಳುತ್ತವೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು ಅದೇ ವರ್ಷದ ಆಗಸ್ಟ್ 25ರಂದು ಹೊರಡಿಸಿದ ಪ್ರಶ್ನೋತ್ತರ ರೂಪದ ಸುತ್ತೋಲೆಯ ಪ್ರತಿಯನ್ನು ಜೊತೆಗಿಟ್ಟುಕೊಂಡು ವಿನಯದಿಂದ ತೋರಿಸಿ. ಮೇಲಿನ ಲೆಕ್ಕದ ಶೇಕಡಾ 12.5 ನ್ಯಾಯವಾಗಿ ಕೇಳಬೇಕಾದ ಹಣ.

ಪೋಷಕತ್ವದ ಕೆಲಸಕ್ಕೆ ಕೇಳುವಾಗ

ಇಲ್ಲಿ ಸಂಸ್ಥೆಯ ಅಧಿಕಾರಕ್ಕೆ ಮಿತಿಯಿದೆ, ಮತ್ತು ಆ ಮಿತಿಯನ್ನು ಪ್ರಸ್ತಾವನೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನಂತೆ ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸುವ ತೀರ್ಮಾನ ಮಕ್ಕಳ ಕಲ್ಯಾಣ ಸಮಿತಿಯದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಜೊತೆ ಸೇರಿಯೇ ಕೆಲಸ ನಡೆಯಬೇಕು. ‘ನಮ್ಮ ಸಂಸ್ಥೆ ವರ್ಷಕ್ಕೆ ಇಷ್ಟು ಮಕ್ಕಳನ್ನು ಕುಟುಂಬಗಳಿಗೆ ಸೇರಿಸುತ್ತದೆ’ ಎಂಬ ಗುರಿಯನ್ನು ಯಾವ ಸಂಸ್ಥೆಯೂ ಬರೆದುಕೊಡಬಾರದು. ಅದು ಕಾನೂನಿನ ದೃಷ್ಟಿಯಿಂದ ತಪ್ಪು. ಸಂಖ್ಯೆ ಮುಟ್ಟಿಸುವ ಒತ್ತಡದಲ್ಲಿ ಹೊಂದದ ಮನೆಗೆ ಮಗುವನ್ನು ಕಳಿಸುವ ಅಪಾಯವೂ ಅದರಲ್ಲಿದೆ. ಸಂಸ್ಥೆ ಬರೆದುಕೊಡಬಹುದಾದ ಗುರಿಗಳು ಬೇರೆ: ಮಗುವನ್ನು ಸಾಕಲು ಮುಂದೆ ಬಂದ ಕುಟುಂಬಗಳ ಬಗ್ಗೆ ಸಿದ್ಧಪಡಿಸುವ ಗೃಹ ಅಧ್ಯಯನ ವರದಿಗಳು, ತರಬೇತಿ ಪಡೆಯುವ ಕುಟುಂಬಗಳು, ಮನೆಭೇಟಿಗಳು, ಮಗುವಿಗೂ ಪೋಷಕರಿಗೂ ದೊರೆಯುವ ಆಪ್ತಸಮಾಲೋಚನೆ.

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪೋಷಕತ್ವಕ್ಕೆ ಪ್ರತಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಆ ಹಣವನ್ನು ಪ್ರತಿಷ್ಠಾನದಿಂದ ಮತ್ತೆ ಕೇಳುವುದಕ್ಕಿಂತ, ಅದು ಮುಟ್ಟದ ವೆಚ್ಚಗಳನ್ನು ಕೇಳುವುದು ಸರಿ: ಮನೆಭೇಟಿ ಮಾಡುವ ಸಮಾಜ ಕಾರ್ಯಕರ್ತರ ಸಂಬಳ, ಆಘಾತ ಕಂಡ ಮಗುವಿಗೆ ಮನೋವೈದ್ಯರ ನೆರವು, ಸರ್ಕಾರದ ಹಣ ತಡವಾದ ತಿಂಗಳುಗಳಲ್ಲಿ ಕುಟುಂಬಕ್ಕೆ ಆಸರೆಯಾಗುವ ಸಣ್ಣ ನಿಧಿ, ಹದಿನೆಂಟು ತುಂಬಿದವರ ವಿದ್ಯಾಭ್ಯಾಸ. 2024ರಲ್ಲಿ ಪರಿಷ್ಕೃತವಾದ ಮಾದರಿ ಮಾರ್ಗಸೂಚಿಗಳು ಒಂಟಿಯಾಗಿರುವವರಿಗೂ ಪೋಷಕರಾಗುವ ಅವಕಾಶ ಕೊಟ್ಟಿವೆ ಮತ್ತು ಪೋಷಕತ್ವದಿಂದ ದತ್ತು ಸ್ವೀಕಾರಕ್ಕೆ ಹೋಗುವ ಅವಧಿಯನ್ನು ಐದು ವರ್ಷದಿಂದ ಎರಡು ವರ್ಷಕ್ಕೆ ಇಳಿಸಿವೆ. ಈ ಎರಡು ವರ್ಷಗಳನ್ನು ದಾತೃವಿಗೆ ತೋರಿಸಿ, ಕನಿಷ್ಠ ಮೂರು ವರ್ಷದ ಅನುದಾನವನ್ನೇ ಕೇಳಿ. ಒಂದು ವರ್ಷಕ್ಕಷ್ಟೇ ಕೊಡಲು ಸಾಧ್ಯವೆಂದರೆ ಆ ಹಣವನ್ನು ಕುಟುಂಬಗಳ ತರಬೇತಿಗೆ ಬಳಸಿಕೊಳ್ಳಬಹುದು; ಮಕ್ಕಳ ನಿತ್ಯದ ಆಸರೆಗೆ ಜೋಡಿಸಬೇಡಿ.

ದಾತೃಗಳು ಮಗುವಿನ ಭಾವಚಿತ್ರ, ಹೆಸರು, ಅದರ ಕಥೆ ಕೇಳುವುದುಂಟು, ಸದುದ್ದೇಶದಿಂದಲೇ ಕೇಳುತ್ತಾರೆ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಸಿಗುವ ಯಾವುದೇ ವಿವರವನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಹಿಂದಿನಿಂದ ತೆಗೆದ ಚಿತ್ರವಾದರೂ ಶಾಲೆಯ ಸಮವಸ್ತ್ರದ ಬ್ಯಾಡ್ಜ್ ಕಾಣುತ್ತಿದ್ದರೆ, ಮನೆಯ ಮುಂದಿನ ಅಂಗಡಿಯ ಫಲಕ ಕಾಣುತ್ತಿದ್ದರೆ ಆ ಊರಿನವರಿಗೆ ಗುರುತು ಸಿಕ್ಕಿಬಿಡುತ್ತದೆ. ಇದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ತಿಳಿಸಿ, ಮಕ್ಕಳ ಚಿತ್ರ ಕೊಡುವುದಿಲ್ಲವೆಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿ.

ಉದ್ಯೋಗ ತರಬೇತಿಗೆ ಕೇಳುವಾಗ

ತರಬೇತಿಯ ಪ್ರಸ್ತಾವನೆಗಳಲ್ಲಿ ಎಷ್ಟು ಜನರಿಗೆ ಪ್ರಮಾಣಪತ್ರ ಸಿಕ್ಕಿತೆಂಬ ಸಂಖ್ಯೆ ಮೇಲೆದ್ದು ಕಾಣುತ್ತದೆ. ಅದರಿಂದ ಬದುಕು ಬದಲಾಯಿತೇ ಎಂಬುದು ತಿಳಿಯುವುದಿಲ್ಲ. ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು ಉಚಿತ ವಸತಿ ತರಬೇತಿಯ ನಂತರ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗಿರುವ ಪದ್ಧತಿಯನ್ನು ರೂಢಿಸಿತು, ಮುಂದೆ ದೇಶದಾದ್ಯಂತ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಅದೇ ಮಾದರಿಯಾಯಿತು. ಸಣ್ಣ ಸಂಸ್ಥೆಗೆ ಎರಡು ವರ್ಷ ಕಷ್ಟವಾದರೆ ಒಂದು ವರ್ಷವಾದರೂ ಬೆನ್ನಿಗಿರಲು ಬೇಕಾದ ಹಣವನ್ನು ಬಜೆಟ್‌ನಲ್ಲಿ ತೋರಿಸಬೇಕು.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಹೊಲಿಗೆ ಕಲಿತ ಮೂವತ್ತು ಹೆಂಗಸರ ತಂಡವೊಂದಕ್ಕೆ ಒಂದು ದಪ್ಪ ನೋಟ್‌ಬುಕ್ ಇರಲಿ, ಒಬ್ಬೊಬ್ಬರಿಗೆ ಒಂದು ಪುಟ. ತರಬೇತಿಗೆ ಮುನ್ನ ತಿಂಗಳ ಆದಾಯ ಎಷ್ಟಿತ್ತು, ಮೂರನೆಯ, ಆರನೆಯ ಮತ್ತು ಹನ್ನೆರಡನೆಯ ತಿಂಗಳಲ್ಲಿ ಎಷ್ಟಾಯಿತು, ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರಿ ಕೆಲಸ ಬಿಟ್ಟಿದ್ದರೆ ಕಾರಣವೇನು, ಈ ವಿವರ ಸಾಕು. ಕಾರಣದ ಕಾಲಮ್ಮಿನಲ್ಲಿ ಬಸ್ಸಿನ ಸಮಯ, ಮಗುವನ್ನು ನೋಡಿಕೊಳ್ಳುವವರಿಲ್ಲದಿರುವುದು, ಮೇಲ್ವಿಚಾರಕರ ಬೈಗುಳ ಎಂಬ ಉತ್ತರಗಳು ಪದೇ ಪದೇ ಬಂದರೆ, ಮುಂದಿನ ವರ್ಷ ಹೊಲಿಗೆ ಯಂತ್ರದ ಬದಲು ಶಿಶುಪಾಲನೆಗೆ ಹಣ ಕೇಳಬೇಕೆಂಬುದು ಆ ಪುಟಗಳಿಂದಲೇ ತಿಳಿಯುತ್ತದೆ. ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್ 2023ರಲ್ಲಿ ದೇಶದ ಸಾಮಾಜಿಕ ಷೇರು ವಿನಿಮಯ ಕೇಂದ್ರದಲ್ಲಿ, ಅಂದರೆ ಸಮಾಜಸೇವಾ ಸಂಸ್ಥೆಗಳು ಸಾರ್ವಜನಿಕರಿಂದ ಹಣ ಎತ್ತಬಹುದಾದ ವೇದಿಕೆಯಲ್ಲಿ, ಪಟ್ಟಿಯಾದ ಮೊದಲ ಸಂಸ್ಥೆಯಾಯಿತು. ಅದರ ಕ್ಷೇತ್ರವೂ ಯುವಜನರ ಉದ್ಯೋಗ ತರಬೇತಿಯೇ. ಆ ದಾರಿ ಸಣ್ಣ ಸಂಸ್ಥೆಗಳಿಗೆ ಸದ್ಯಕ್ಕೆ ದೂರದ್ದು.

ಒಪ್ಪಂದ, ಕಂತು, ವರದಿ

ಟಿಪ್ಪಣಿ ಒಪ್ಪಿಗೆಯಾದರೆ ಪ್ರತಿಷ್ಠಾನದವರು ಕಚೇರಿಗೂ ಕ್ಷೇತ್ರಕ್ಕೂ ಬರುತ್ತಾರೆ. ಹಳ್ಳಿಗೆ ಕರೆದೊಯ್ಯುವಾಗ ಹಾರ, ಶಾಲು, ಸಭೆಗಳ ವ್ಯವಸ್ಥೆ ಬೇಡ. ಕಾರ್ಯಕರ್ತೆ ಎಂದಿನಂತೆ ಮನೆಭೇಟಿ ಮಾಡುವುದನ್ನು ಅವರು ನೋಡಲಿ, ಸರಿಯಾಗಿ ನಡೆಯದ ಹಳ್ಳಿಯೊಂದನ್ನೂ ತೋರಿಸಿ. ಪೋಷಕ ಕುಟುಂಬಗಳ ಮನೆಗೆ ಮಾತ್ರ ದಾತೃಗಳನ್ನು ಕರೆದೊಯ್ಯಬಾರದು.

ಒಪ್ಪಂದದಲ್ಲಿ ಓದಲೇಬೇಕಾದದ್ದು ಕಂತುಗಳ ವಿವರ. ಹಿಂದಿನ ಕಂತಿನ ಹಣ ಉದ್ದೇಶಿತ ಕೆಲಸಕ್ಕೇ ಖರ್ಚಾಗಿದೆ ಎಂಬ ವಿನಿಯೋಗ ಪ್ರಮಾಣಪತ್ರ ಕೊಟ್ಟ ಮೇಲೆ ಮುಂದಿನ ಕಂತು ಬರುವುದು ರೂಢಿ. ಆ ಪರಿಶೀಲನೆಗೆ ಅವರ ಕಚೇರಿಯಲ್ಲಿ ಎರಡು ತಿಂಗಳು ಹಿಡಿದರೆ ಸಂಬಳ ಕೊಡಲು ನಿಮ್ಮಲ್ಲಿ ಹಣವಿರುವುದಿಲ್ಲ. ಹಾಗಾಗಿ ಕಂತಿನ ಶೇಕಡಾ 75ರಷ್ಟು ಖರ್ಚಾದ ಕೂಡಲೇ ಮುಂದಿನದನ್ನು ಕೇಳುವ ಅವಕಾಶವನ್ನು ಬರೆಸಿಕೊಳ್ಳಿ. ಒಂದು ಬಾಬಿನಿಂದ ಇನ್ನೊಂದಕ್ಕೆ ಶೇಕಡಾ 10ರವರೆಗೆ ಹಣ ಬದಲಿಸಿಕೊಳ್ಳಲು ಪೂರ್ವಾನುಮತಿ ಬೇಡವೆಂಬ ವಾಕ್ಯವೂ ಇರಲಿ. ಸಿಎಸ್‌ಆರ್ ಹಣದಿಂದ ಕೊಂಡ ಯಂತ್ರ, ವಾಹನಗಳು ಯಾರ ಹೆಸರಿನಲ್ಲಿರುತ್ತವೆ ಎಂಬುದನ್ನು ಆಗಲೇ ತೀರ್ಮಾನಿಸಿ. ಪ್ರತಿ ಅನುದಾನಕ್ಕೂ ಲೆಕ್ಕದಲ್ಲಿ ಪ್ರತ್ಯೇಕ ಖಾತೆ ತೆರೆದು, ಪ್ರತಿ ವೋಚರ್ ಮೇಲೆ ಯೋಜನೆಯ ಹೆಸರಿನ ಮುದ್ರೆ ಒತ್ತಿದರೆ ವರ್ಷದ ಕೊನೆಯಲ್ಲಿ ಆಡಿಟರ್ ಕೇಳುವ ಪ್ರಶ್ನೆಗಳು ಅರ್ಧಕ್ಕೆ ಇಳಿಯುತ್ತವೆ.

ವರದಿಯಲ್ಲಿ ಗುರಿ ಮುಟ್ಟದ ಭಾಗವನ್ನು ಮೊದಲ ಪುಟದಲ್ಲೇ, ಕಾರಣದೊಂದಿಗೆ ಬರೆಯಿರಿ. 1500ರಲ್ಲಿ 1100 ಮಹಿಳೆಯರಿಗಷ್ಟೇ ಎರಡನೆಯ ಪರೀಕ್ಷೆ ಆಗಿದ್ದರೆ, ಉಳಿದ 400 ಮಂದಿಯಲ್ಲಿ ಎಷ್ಟು ಜನ ಗುಳೆ ಹೋಗಿದ್ದರು, ಎಷ್ಟು ಜನ ನಿರಾಕರಿಸಿದರು ಎಂದು ಬಿಡಿಸಿ ಹೇಳಿದರೆ ಅದು ಮುಂದಿನ ಪ್ರಸ್ತಾವನೆಗೆ ಬುನಾದಿಯಾಗುತ್ತದೆ. ಸಂಖ್ಯೆಗಳನ್ನು ಉಬ್ಬಿಸಿದವರು ಮುಂದಿನ ವರ್ಷ ಅದಕ್ಕಿಂತ ದೊಡ್ಡ ಸಂಖ್ಯೆಯ ಭರವಸೆ ಕೊಡಬೇಕಾಗುತ್ತದೆ.

ಅರ್ಜಿ ತಿರಸ್ಕೃತವಾದರೆ ಕಾರಣ ತಿಳಿಸುವಂತೆ ಎರಡು ಸಾಲಿನ ಪತ್ರ ಬರೆಯಿರಿ. ಮಂಜೂರಾದರೆ, ಅವಧಿ ಮುಗಿಯುವ ಒಂಬತ್ತು ತಿಂಗಳ ಮುಂಚೆಯೇ ನವೀಕರಣದ ಮಾತು ಎತ್ತಿ, ಜೊತೆಗೆ ಇನ್ನೊಂದು ಪ್ರತಿಷ್ಠಾನಕ್ಕೂ ಟಿಪ್ಪಣಿ ಕಳಿಸಿ. ಹಣ ಮುಂದುವರಿಯುವುದಿಲ್ಲವೆಂದು ಖಚಿತವಾದ ದಿನವೇ ಕಾರ್ಯಕರ್ತೆಯರಿಗೂ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಪೋಷಕತ್ವದ ಕೆಲಸವಾಗಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೂ ಲಿಖಿತವಾಗಿ ತಿಳಿಸಬೇಕು. ಮನೆಭೇಟಿಯ ದಾಖಲೆಗಳನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಹಿ ಪಡೆದು ಒಪ್ಪಿಸಬೇಕು. ಉಳಿದ ಹಣವನ್ನು ಒಪ್ಪಂದದಂತೆ ಹಿಂದಿರುಗಿಸಿ, ವೋಚರ್‌ಗಳನ್ನೂ ಲೆಕ್ಕಪುಸ್ತಕಗಳನ್ನೂ ಕನಿಷ್ಠ ಹತ್ತು ವರ್ಷ ಕಾಪಾಡಿ.